ನಮ್ಮ ಮನೆಗೆ ಬಂದ ಗ್ರಾವಸ್ಟಾರ್

ಆಕಾಶದ ಬಗ್ಗೆ ನನ್ನ ತಿಳಿವಳಿಕೆ ಟೆರೇಸಿನ ಬಟ್ಟೆ ಯಾವಾಗ ತೆಗೆಯಬೇಕು ಎನ್ನುವಲ್ಲಿಗೆ ಮುಗಿಯುತ್ತದೆ. ಹಾಗಾಗಿ ಒಂದು ಭಾನುವಾರ ತಿಂಡಿಯ ಹೊತ್ತಿಗೆ ಮಗಳು ಸಹನಾ "ನಾನು ಗ್ರಾವಸ್ಟಾರ್ ತಗೊಂಡೆ" ಎಂದಾಗ, ವಿಜಯನಗರದ ಯಾವುದೋ ಹೊಸ ಹೋಟೆಲಿನ ಗ್ರೇವಿ ಇರಬೇಕೆಂದುಕೊಂಡು, ಚಪಾತಿಗೆ ಹೊಂದುತ್ತಾ ಎಂದು ಕೇಳಿದೆ. ಅವಳು ನಗಲಿಲ್ಲ. ತಾತನ ಮುಖವನ್ನೇ ನೋಡುತ್ತಿದ್ದಳು.

ತಾತ ಎಂದರೆ ನಮ್ಮ ಮಾವನವರು, ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಸಹನಾ ಚಿಕ್ಕವಳಿದ್ದಾಗ ಕಪ್ಪುಕುಳಿಯ ಕಥೆ ಹೇಳಿ ಹೇಳಿಯೇ ಅನ್ನ ತಿನ್ನಿಸಿದ್ದರು. ಒಳಗೆ ಬಿದ್ದರೆ ಬೆಳಕೂ ವಾಪಸ್ ಬರುವುದಿಲ್ಲ ಎಂದು ಅವರು ಹೇಳುವಾಗ ಅವಳು ಬಾಯಿ ತೆರೆಯುತ್ತಿದ್ದಳು, ನಾನು ತುತ್ತಿಡುತ್ತಿದ್ದೆ. ಆ ಕಥೆಗಳ ಹುಚ್ಚಿನಿಂದಲೇ ಅವಳೀಗ ಜ್ಞಾನಭಾರತಿ ಕ್ಯಾಂಪಸ್ಸಿನಲ್ಲಿ ಎಂ.ಎಸ್ಸಿ. ಓದುತ್ತಿರುವುದು. ಅಂಥವಳು, ಕಪ್ಪುಕುಳಿ ಎಂದುಕೊಂಡಿರುವುದು ಬೇರೇನೋ ಆಗಿರಬಹುದು ಎನ್ನುತ್ತಿದ್ದಳು. ನಕ್ಷತ್ರ ಕುಸಿದು ಕುಸಿದು ಕುಳಿಯಾಗುವ ಬದಲು ತೆಳ್ಳನೆಯ ಚಿಪ್ಪಾಗಿ ನಿಂತುಬಿಡಬಹುದಂತೆ. ಒಳಗಿನ ಶೂನ್ಯವೇ ಅದನ್ನು ಹೊರಕ್ಕೆ ಒತ್ತಿ ಹಿಡಿದಿರುತ್ತದಂತೆ. ದೂರದಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲವಂತೆ. ಅದರ ಹೆಸರೇ ಗ್ರಾವಸ್ಟಾರ್. ಸದ್ಯಕ್ಕೆ ಅದು ಇರುವುದು ಕಾಗದದ ಮೇಲೆ ಮಾತ್ರ. ಅದನ್ನೇ ಪ್ರಾಜೆಕ್ಟಿಗೆ ಆರಿಸಿಕೊಂಡಿದ್ದಳು.

"ಹಾಗಾದ್ರೆ ನಾನು ಇಷ್ಟು ವರ್ಷ ಹೇಳಿದ್ದೆಲ್ಲ ಅಜ್ಜಿಕಥೆನಾ?" ಎಂದ ಮಾವನವರು ಅರ್ಧ ದೋಸೆ ತಟ್ಟೆಯಲ್ಲೇ ಬಿಟ್ಟು ಎದ್ದರು.

ಅವತ್ತಿನಿಂದ ತಾತ ಮೊಮ್ಮಗಳ ನಡುವೆ ಮಾತಿಲ್ಲ. ಪೇಪರ್ ಬೇಕಿದ್ದರೂ ನನ್ನ ಮೂಲಕವೇ ಕೇಳಬೇಕು. ಪಾರ್ಕಿಗೆ ಜೊತೆಯಲ್ಲಿ ಹೋಗುತ್ತಿದ್ದವರು ಬೇರೆ ಬೇರೆ ಹೋಗತೊಡಗಿದರು. ಜಗತ್ತಿನಲ್ಲಿ ಆಸ್ತಿಗಾಗಿ ಮನೆಗಳು ಒಡೆಯುತ್ತವೆ. ನಮ್ಮದು, ಯಾರೂ ಒಳಹೊಕ್ಕು ನೋಡದ ಒಂದು ವಸ್ತುವಿಗಾಗಿ. ನನಗೆ ನಗು ಬರುತ್ತಿತ್ತು, ಸಹನಾ ಅಡುಗೆಮನೆಗೆ ಬಂದು ಅಳುವವರೆಗೆ.

"ತಾತಂಗೆ ಇಷ್ಟು ಬೇಜಾರಾಗುತ್ತೆ ಅಂದ್ರೆ ಟಾಪಿಕ್ ಬದಲಾಯಿಸ್ಲಾ ಅಮ್ಮ?"

"ನೀನು ಹೇಳ್ತಿರೋದು ನಿಜ ಅನ್ಸುತ್ತಾ ನಿಂಗೆ?"

"ನಿಜಾನೋ ಅಲ್ವೋ ಗೊತ್ತಿಲ್ಲ. ಕೇಳ್ಲೇಬೇಕಾದ ಪ್ರಶ್ನೆ ಅನ್ಸುತ್ತೆ."

ಹಾಗಿದ್ದರೆ ಬದಲಾಯಿಸಬೇಡ ಎಂದೆ. ವಿಷಯ ಗೊತ್ತಿಲ್ಲದ ನನ್ನಂಥವರಿಗೆ ಧೈರ್ಯ ಹೇಳುವುದು ಸುಲಭ.

ಪ್ರಾಜೆಕ್ಟು ಮಂಡಿಸುವ ದಿನವನ್ನು ಮಾವನವರಿಗೆ ಕಾಫಿ ಕೊಡುವಾಗ ಸುಮ್ಮನೆ ಕಿವಿಗೆ ಹಾಕಿದ್ದೆ. ಆ ಬೆಳಗ್ಗೆ ಅವರು ಇಸ್ತ್ರಿ ಮಾಡಿದ ಶರಟು ತೊಟ್ಟು ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದರು. ಕ್ಯಾಂಪಸ್ಸಿನ ಹಾಲಿನ ಕೊನೆಯ ಸಾಲಿನಲ್ಲಿ ಕೂತು ಕಣ್ಣು ಮುಚ್ಚಿ ಕೇಳಿದರು. ನಿದ್ದೆ ಬಂತೇನೋ ಎಂದು ನನಗೆ ಭಯ. ಮಗಳು ಮುಗಿಸಿದ್ದೇ ಎದ್ದು ನಿಂತು ಕೇಳಿದರು: ನಕ್ಷತ್ರಗಳೆಲ್ಲ ತಿರುಗುತ್ತವೆ, ಜೋರಾಗಿ ತಿರುಗಿದರೆ ನಿನ್ನ ಚಿಪ್ಪು ಉಳಿಯುತ್ತದೆಯೇ?

ಸಹನಾ ಕೈಯಲ್ಲಿದ್ದ ಹಾಳೆಗಳನ್ನು ಮೇಜಿನ ಮೇಲಿಟ್ಟಳು. "ಗೊತ್ತಿಲ್ಲ ತಾತ. ಅದನ್ನ ನಾನಿನ್ನೂ ಲೆಕ್ಕಕ್ಕೆ ಸೇರಿಸಿಲ್ಲ. ಸೇರಿಸಿದ್ರೆ ಇದೆಲ್ಲ ಬಿದ್ದುಹೋದ್ರೂ ಹೋಗ್ಬಹುದು."

ಮಾವನವರು "ಸರಿ" ಎಂದು ಕೂತರು. ಹೊರಗೆ ಬಂದ ಮೇಲೆ ನನಗೆ ಮೆಲ್ಲಗೆ ಹೇಳಿದರು: "ಗೊತ್ತಿಲ್ಲ ಅನ್ನೋದನ್ನ ಹುಡುಗರಿಗೆ ಕಲಿಸೋಕೆ ಎಷ್ಟು ಒದ್ದಾಡಿದೀನಿ. ಇವಳಿಗೆ ಬಂದುಬಿಟ್ಟಿದೆ ಕಣಮ್ಮ."

ವಾಪಸ್ ಬರುವಾಗ ಮೆಟ್ರೋದಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಮತ್ತೆ ಜಗಳ ತೆಗೆದರು. ತಾತ ಗಾಳಿಯಲ್ಲಿ ಬೆರಳಿನಿಂದ ಚಿಪ್ಪು ಬರೆದರೆ ಮೊಮ್ಮಗಳು ಹಾಗಲ್ಲ ಎಂದು ಅಂಗೈಯಿಂದ ಅಳಿಸುತ್ತಿದ್ದಳು. ಎದುರು ಸೀಟಿನಲ್ಲಿ ನಾನು ಹಾಯಾಗಿ ಕೂತಿದ್ದೆ. ಅತ್ತಿಗುಪ್ಪೆ ಹೋಯಿತು, ನಾವು ಇಳಿಯಬೇಕಾಗಿದ್ದ ವಿಜಯನಗರವೂ ಬಂದು ಬಾಗಿಲು ತೆರೆದು ಮುಚ್ಚಿತು. ಇಬ್ಬರಿಗೂ ಗೊತ್ತೇ ಆಗಲಿಲ್ಲ. ನಾನು ನೋಡಿದ್ದೆ, ಹೇಳಲಿಲ್ಲ.