ಗಾಂಧಾರಿ ಮೆಣಸು ಮತ್ತು ಹಸನಾಕ

ಹಸನಬ್ಬನವರು ಕೋವಿಗಳಿಗೆಲ್ಲ ಅಡುಗೆಮನೆಯ ಹೆಸರಿಟ್ಟಿದ್ದರು. ಅಬುಧಾಬಿಯ ಹೊರವಲಯದ ಆ ಶೂಟಿಂಗ್ ಕ್ಲಬ್ಬಿನ ಗಾಜಿನ ಕಪಾಟಿನಲ್ಲಿ ಸಾಲಾಗಿ ಮಲಗಿದ್ದ ಪಿಸ್ತೂಲು, ರಿವಾಲ್ವರುಗಳಿಗೆ ಕಂಪನಿ ಕೊಟ್ಟ ಮಾಡೆಲು, ನಂಬರು ಎಲ್ಲ ಇದ್ದವು. ಅವರಿಗೆ ಅವು ಬೇಕಿರಲಿಲ್ಲ. ನಾನು ಹೊಡೆಯುತ್ತಿದ್ದ ಪಾಯಿಂಟ್ ಟೂಟೂ ಪಿಸ್ತೂಲು ‘ಸಾಸಿವೆ’. ಒಗ್ಗರಣೆಯಲ್ಲಿ ಸಿಡಿದಷ್ಟೇ ಅದರ ಸದ್ದು. ಉದ್ದ ನಳಿಗೆಯ, ಒಂದು ಕಿಲೋ ಮೀರಿ ತೂಗುವ ಉಕ್ಕಿನ ಮ್ಯಾಗ್ನಮ್ ರಿವಾಲ್ವರು ‘ಕಡೆಯುವ ಕಲ್ಲು’. ಅದೇ ಮ್ಯಾಗ್ನಮ್ ತೋಟೆಯನ್ನು ನುಂಗುವ, ಆದರೆ ಎರಡು ಮೊಬೈಲು ಸೇರಿಸಿದಷ್ಟೂ ತೂಕವಿಲ್ಲದ, ಅಂಗೈಯಲ್ಲಿ ಅಡಗುವ ಬೂದು ಬಣ್ಣದ ಪುಟ್ಟ ರಿವಾಲ್ವರು ‘ಗಾಂಧಾರಿ ಮೆಣಸು’; ಗಾತ್ರ ಚಿಕ್ಕದು, ಖಾರ ವಿಪರೀತ.

ಈ ಹೆಸರುಗಳಿಗೆ ಕಾರಣವಿತ್ತು. ಉಪ್ಪಿನಂಗಡಿ ಕಡೆಯ ಈ ಬ್ಯಾರಿ ಇಪ್ಪತ್ತು ವರ್ಷಗಳ ಹಿಂದೆ ಕ್ಲಬ್ಬಿಗೆ ಬಂದದ್ದು ಕ್ಯಾಂಟೀನಿನ ಅಡುಗೆಯವರಾಗಿ. ಆಮೇಲೆ ಖಾಲಿ ತೋಟೆ ಗುಡಿಸಿದರು, ಕೋವಿ ಒರೆಸಿದರು, ಪರೀಕ್ಷೆ ಪಾಸು ಮಾಡಿದರು, ಕೊನೆಗೆ ಗುಂಡು ಹೊಡೆಯುವವರ ಬೆನ್ನ ಹಿಂದೆ ನಿಂತು ಕಾಯುವ ರೇಂಜ್ ಆಫೀಸರ್ ಆದರು. ಅವರ ಊರಿನವರಂತೆ ನಾನೂ ಅವರನ್ನು ‘ಹಸನಾಕ’ ಎನ್ನುತ್ತಿದ್ದೆ. ಹಿರಿಯರನ್ನು ಬ್ಯಾರಿಗಳು ಕರೆಯುವ ರೀತಿ ಅದು. ಅವರು ನನ್ನನ್ನು ‘ಎನ್‌ಸಿಸಿ’ ಎನ್ನುತ್ತಿದ್ದರು. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದೆ ಎಂದು ಮೊದಲ ದಿನವೇ ಜಂಬದಿಂದ ಹೇಳಿಕೊಂಡದ್ದರ ಫಲ.

ನಾನು ಮೆಕ್ಯಾನಿಕಲ್ ಇಂಜಿನಿಯರು. ಪೇಟೆಯೊಳಗಿನ ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಎ.ಸಿ. ಕಂಪನಿಯಲ್ಲಿ ಕೆಲಸ. ತಿಂಗಳಿಗೆರಡು ಶನಿವಾರ ಬೆಳಿಗ್ಗೆ ಹೋಗಿ ಸಾಸಿವೆ ಸಿಡಿಸಿ ಬರುವುದು ನನ್ನ ಹವ್ಯಾಸ. ಒಮ್ಮೆ ಅವರಿಗೆ ಆವೇಗ, ಪ್ರತಿಕ್ರಿಯೆ ಎಂದೆಲ್ಲ ವಿವರಿಸಿ, ಹಗುರ ಕೋವಿ ಯಾಕೆ ಹೆಚ್ಚು ಒದೆಯುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು.

“ಇಷ್ಟೆಲ್ಲ ಯಾಕೆ ಮಾರಾಯ್ರೆ? ಭಾರದ ಕೋವಿ ಒದೆಯನ್ನು ತಾನೇ ತಿಂತದೆ. ಹಗುರದ್ದು ನಿಮಗೆ ಬಡಿಸ್ತದೆ. ಬನ್ನಿ, ಊಟಕ್ಕೆ ಕೂತ್ಕೊಳ್ಳಿ.”

ಕೂತೆ, ಅಂದರೆ ಗುಂಡು ಹೊಡೆಯುವ ಲೈನಿನಲ್ಲಿ ನಿಂತೆ. ಗಾಂಧಾರಿ ಮೆಣಸಿನಲ್ಲಿ ಅವರೇ ತೋಟೆ ತುಂಬಿಸಿ ಕೊಟ್ಟರು. ಮೊದಲ ಹೊಡೆತಕ್ಕೆ ಯಾರೋ ಅಂಗೈಗೆ ಕ್ರಿಕೆಟ್ ಬ್ಯಾಟಿನಿಂದ ಬಾರಿಸಿದಂತಾಯಿತು; ನಳಿಗೆ ಮಾಡಿನ ಕಡೆ ಹಾರಿತು. ಹಲ್ಲು ಕಚ್ಚಿ ಎರಡನೆಯದಕ್ಕೆ ಟ್ರಿಗರ್ ಎಳೆದೆ. ‘ಟಿಕ್’ ಎಂದಿತು ಅಷ್ಟೆ. ಒಳಗಿದ್ದದ್ದು ಅವರು ಬೇಕೆಂದೇ ಹಾಕಿದ್ದ, ಹೊಡೆದು ಮುಗಿದ ಖಾಲಿ ತೋಟೆ. ಆದರೆ ನನ್ನ ಕೈ, ಸಿಡಿಯದ ಕೋವಿಯನ್ನು ಕೆಳಕ್ಕೆ ಜಗ್ಗಿ, ಕಣ್ಣು ಮುಚ್ಚಿ, ಭುಜ ಕುಗ್ಗಿಸಿ, ಬರದೇ ಇದ್ದ ಒದೆಗೆ ಪೂರ್ತಿ ತಯಾರಾಗಿತ್ತು.

“ನೋಡಿ, ಕೋವಿ ಸುಮ್ಮನೆ ಉಂಟು. ಹಾರಿದ್ದು ನೀವು,” ಎಂದು ಹಸನಾಕ ಹೊಟ್ಟೆ ಹಿಡಿದು ನಕ್ಕರು. “ಗುಂಡು ಹತ್ತು ಮೀಟರಿನಲ್ಲಿ ತಪ್ಪುದಲ್ಲ ಎನ್‌ಸಿಸಿ, ಇಲ್ಲೇ ಕೈಯಲ್ಲೇ ತಪ್ಪುದು.” ಅವತ್ತಿನ ನನ್ನ ಗುರಿ ಕಾಗದವನ್ನು ಅವರು ಒಂದು ವಾರ ಕೌಂಟರಿನ ಹಿಂದೆ ಅಂಟಿಸಿದ್ದರು. ಕಡೆಯುವ ಕಲ್ಲಿನಿಂದ ಹೊಡೆದ ಅದೇ ತೋಟೆಯ ಐದು ಗುಂಡು ಚಾ ಸಾಸರಿನಷ್ಟು ಜಾಗದೊಳಗೆ ಬಿದ್ದಿದ್ದವು. ಗಾಂಧಾರಿಯಿಂದ ಅವತ್ತು ಒಟ್ಟು ಹೊಡೆದ ಐದರಲ್ಲಿ ಎರಡು ಕಾಗದದ ಕೆಳ ಅಂಚಿನಲ್ಲಿದ್ದವು. ಉಳಿದವು ಎಲ್ಲಿಗೆ ಹೋದವೋ ಅವರಿಗೂ ಗೊತ್ತಿರಲಿಲ್ಲ.

ಬೆರಳಿನ ವಿಷಯದಲ್ಲಿ ಅವರಿಗೆ ಹುಚ್ಚೇ ಇತ್ತು: ಗುರಿ ಹಿಡಿಯುವವರೆಗೆ ಅದು ಟ್ರಿಗರಿನ ಹೊರಗೇ ಇರಬೇಕು. ಬನಿಯಾಸಿನ ಅವರ ರೂಮಿಗೆ ಒಮ್ಮೆ ಊಟಕ್ಕೆ ಹೋಗಿದ್ದೆ. ರೂಮಿನವರೊಬ್ಬರು ಟಿ.ವಿ. ರಿಮೋಟ್ ಹಿಡಿದುಕೊಂಡರು ನೋಡಿ, ಒಳಗೆ ರೊಟ್ಟಿ ಬೇಯಿಸುತ್ತಿದ್ದ ಹಸನಾಕ ಅಲ್ಲಿಂದಲೇ ಕೂಗಿದರು: “ಬೆರಳು ಹೊರಗೆ!” ಆ ಮನುಷ್ಯ ಅಭ್ಯಾಸಬಲದಿಂದ ಬೆರಳನ್ನು ಗುಂಡಿಯಿಂದ ತೆಗೆದು ರಿಮೋಟಿನ ಪಕ್ಕಕ್ಕಿಟ್ಟು, “ನಿದ್ದೆಯಲ್ಲೂ ಹೀಗೇ ಬೊಬ್ಬೆ ಹೊಡೀತಾರೆ ಸರ್, ನಮ್ಮ ಕರ್ಮ,” ಎಂದರು.

ಇಂಥವರ ಮುಂದೆ ನಾನು ದಿವಾಕರ್ ಸರ್ ಅವರನ್ನು ಕರೆದುಕೊಂಡು ಹೋದೆ.

ದಿವಾಕರ್ ಸರ್ ನಮ್ಮ ಕಂಪನಿಯ ಮ್ಯಾನೇಜರ್. ಕುಂದಾಪುರದವರು, ಜಿಮ್ಮಿಗೆ ಹೋಗುವವರು, ನನ್ನ ವೀಸಾ ನವೀಕರಣದ ಕಾಗದಕ್ಕೆ ಸಹಿ ಹಾಕಬೇಕಾದವರು. ಕಪಾಟು ನೋಡಿದ್ದೇ, “ಆ ಸಣ್ಣದ್ ಕೊಡಿ. ಹಗುರ ಇತ್, ಸುಲಭ ಆತ್,” ಎಂದರು. ಮೊದಲ ಸಲ ಬರುವ ನೂರಕ್ಕೆ ತೊಂಬತ್ತು ಜನ ಇದನ್ನೇ ಹೇಳುತ್ತಾರೆ ಎಂದು ಹಸನಾಕ ನನಗೆ ಎಷ್ಟೋ ಸಲ ಹೇಳಿದ್ದರು. ಅವರು ಕಡೆಯುವ ಕಲ್ಲನ್ನು ಮುಂದಿಟ್ಟು ನೋಡಿದರು. ಸರ್ ಒಪ್ಪಲಿಲ್ಲ.

ಹಸನಾಕರ ಕ್ರಮವೆಂದರೆ ಗಾಂಧಾರಿಗೆ ಮೊದಲು ಒಂದೇ ತೋಟೆ, ಆಮೇಲೆ ಎರಡೆರಡು. ಎರಡು ಹೊಡೆದ ಮೇಲೆ ಕೋವಿಯನ್ನು ತಾವು ತೆಗೆದುಕೊಂಡು ತೋಟೆ ಕೂರುವ ಸಿಲಿಂಡರ್ ಬಿಚ್ಚಿ ನೋಡುತ್ತಿದ್ದರು. ಹಗುರ ರಿವಾಲ್ವರು ಹಿಂದಕ್ಕೆ ಒದೆಯುವ ರಭಸಕ್ಕೆ, ಇನ್ನೂ ಹೊಡೆಯದೆ ಕೂತ ತೋಟೆಗಳ ಗುಂಡು ಸಡಿಲವಾಗಿ ಮುಂದಕ್ಕೆ ಜಾರುತ್ತದೆ. ಮೂತಿ ಹೊರಚಾಚಿದರೆ ಸಿಲಿಂಡರ್ ತಿರುಗದೆ ಸಿಕ್ಕಿಬೀಳುತ್ತದೆ.

ದಿವಾಕರ್ ಸರ್ ಅವರ ಮೊದಲ ಗುಂಡು ಅದೃಷ್ಟಕ್ಕೆ ಕಾಗದದ ನಡುವಿಗೇ ಬಿತ್ತು. ಅಲ್ಲಿಗೆ ಕೆಟ್ಟಿತು. “ಐದೂ ಹಾಕಿ. ನಾವೇನ್ ಮಕ್ಳಾ?” ಎಂದರು. ಹಸನಾಕ ಬೇಡವೆಂದು ತಲೆಯಾಡಿಸಿದರು. ಆಗ ನಾನು ಬಾಯಿ ಹಾಕಿದೆ: “ಹಾಕಿ ಹಸನಾಕ, ಏನಾಗ್ತದೆ?” ಅವರು ನನ್ನ ಮುಖವನ್ನೊಮ್ಮೆ ನೋಡಿದರು. ನನ್ನ ಮ್ಯಾನೇಜರ್ ಎಂದು ಅವರಿಗೂ ಗೊತ್ತಿತ್ತು. ಐದು ತುಂಬಿಸಿ, “ಎರಡು ಹೊಡೆದು ನಿಲ್ಲಿಸ್ಬೇಕು, ಆಯ್ತಾ?” ಎಂದರು.

ಸರ್ ನಿಲ್ಲಿಸಲಿಲ್ಲ. ಮೂರು ಹೊಡೆದರು. ನಾಲ್ಕನೆಯದಕ್ಕೆ ಟ್ರಿಗರ್ ಬರಲಿಲ್ಲ. “ಇದೆಂತ, ಜಾಮ್ ಆಯ್ತ್ ಕಾಣಿ!” ಎನ್ನುತ್ತ, ಕೆಟ್ಟುಹೋದ ಮೊಬೈಲನ್ನು ತೋರಿಸಲು ತಿರುಗುವವರಂತೆ ಕೋವಿ ಸಮೇತ ನನ್ನತ್ತ ತಿರುಗಿದರು. ಬೆರಳು ಇನ್ನೂ ಎಳೆಯುತ್ತಲೇ ಇತ್ತು.

ಈ ಕ್ಷಣವನ್ನು ನಾನು ಈಗಲೂ ದಿನಕ್ಕೊಮ್ಮೆಯಾದರೂ ಕಣ್ಣೆದುರು ನೋಡುತ್ತೇನೆ. ಹೆಚ್ಚಾಗಿ ಲಿಫ್ಟಿನಲ್ಲಿ, ಬಾಗಿಲು ಮುಚ್ಚಿಕೊಳ್ಳುವಾಗ. ನಳಿಗೆಯ ಬಾಯಿ ನನ್ನ ಹೊಟ್ಟೆಯಿಂದ ಒಂದು ಮೊಳ ದೂರದಲ್ಲಿ. ಸಿಲಿಂಡರಿನ ಒಂದು ತೂತಿನಿಂದ ಸೀಸದ ಮೂತಿ ಅಕ್ಕಿಕಾಳಿನಷ್ಟು ಹೊರಗೆ ಇಣುಕಿತ್ತು. ಅದೊಂದೇ ನಾಲ್ಕನೆಯ ಗುಂಡನ್ನು ತಡೆದು ನಿಲ್ಲಿಸಿತ್ತು. ಹಸನಾಕ ಬಂದದ್ದು ಕಾಣಲಿಲ್ಲ. ಅವರ ಎಡಗೈ ಸಿಲಿಂಡರನ್ನು ಬಿಗಿಯಾಗಿ ಅಮುಕಿ ನಳಿಗೆಯನ್ನು ನೆಲಕ್ಕೆ ಒತ್ತಿತು. ಬಲ ಮೊಣಕೈ ದಿವಾಕರ್ ಸರ್ ಅವರ ಎದೆಗೆ ಬಿತ್ತು. ಸರ್ ಗೋಡೆಗೆ ಬಡಿದು ಕುಸಿದು ಕೂತರು. ಕೋವಿ ಹಸನಾಕರ ಕೈಯಲ್ಲಿತ್ತು.

“ಮುಗೀತು, ಮುಗೀತು. ಖಲಾಸ್,” ಎಂದರು ಹಸನಾಕ. ಅದನ್ನು ನನಗೆ ಹೇಳಿದರೋ ಕೋವಿಗೋ ತಿಳಿಯದು.

ಮರುದಿನವೇ ದಿವಾಕರ್ ಸರ್ ಕ್ಲಬ್ಬಿಗೆ ದೂರು ಕೊಟ್ಟರು: ಸಿಬ್ಬಂದಿ ಗಿರಾಕಿಯ ಮೇಲೆ ಕೈ ಮಾಡಿದ್ದಾನೆ. ಕ್ಯಾಮೆರಾ ನನ್ನ ಬೆನ್ನ ಹಿಂದಿತ್ತು. ಅದರಲ್ಲಿ ಮೊಣಕೈ ಸ್ಪಷ್ಟವಾಗಿ ಕಾಣುತ್ತಿತ್ತು. ಕೋವಿ ನನ್ನ ಮರೆಯಲ್ಲಿತ್ತು. ವಿಚಾರಣೆ ಮುಗಿಯುವವರೆಗೆ ಹಸನಾಕರನ್ನು ಲೈನಿನಿಂದ ತೆಗೆದು, ಕಿವಿಗೆ ಹಾಕುವ ಮಫ್ ಕೊಡುವ ಕೌಂಟರಿಗೆ ಕೂರಿಸಿದರು. ಕೆಲಸ ಉಳಿಯಬೇಕಾದರೆ ಸಾಕ್ಷಿ ಬೇಕು. ಸಾಕ್ಷಿ ನಾನೊಬ್ಬನೇ.

ಎರಡು ದಿನ ಕೂತು ಒಳ್ಳೆಯ ಇಂಗ್ಲಿಷಿನಲ್ಲಿ ಒಂದು ಹೇಳಿಕೆ ಬರೆದೆ. ಕೊಡುವ ಮೊದಲು ಕೌಂಟರಿನಲ್ಲಿ ಹಸನಾಕರಿಗೆ ತೋರಿಸಿದೆ. “ಕನ್ನಡದಲ್ಲಿ ಹೇಳಿ,” ಎಂದರು.

“ತಾಂತ್ರಿಕ ತೊಂದರೆಯಿಂದಾಗಿ ಕೋವಿಯ ದಿಕ್ಕು ಕ್ಷಣಕಾಲ ಬದಲಾಯಿತು...”

“ಬದಲಾಗಿ ಎಲ್ಲಿಗೆ ಹೋಯಿತು? ದುಬೈಯ ದೇರಾಕ್ಕಾ?”

ನಾನು ಕಾಗದವನ್ನು ಮತ್ತೊಮ್ಮೆ ಓದಿಕೊಂಡೆ.

“ಅದು ಯಾರ ಕೈಯಲ್ಲಿತ್ತು ಅಂತ ಇಲ್ಲ. ಯಾರ ಹೊಟ್ಟೆಗೆ ನೋಡ್ತಿತ್ತು ಅಂತ ಇಲ್ಲ. ನನ್ನ ಕೆಲಸದ ವಿಷಯ ಬಿಡಿ ಮಾರಾಯ್ರೆ, ಆ ಹೊಟ್ಟೆ ನಿಮ್ಮದಲ್ವಾ? ಅದಕ್ಕಾದ್ರೂ ಸ್ವಲ್ಪ ಮರ್ಯಾದೆ ಕೊಡಿ.”

“ಹಸನಾಕ, ನನ್ನ ವೀಸಾ...”

“ಗೊತ್ತುಂಟು,” ಎಂದರು, ನಗದೆ. “ನಿಮಗೆ ಕಷ್ಟ ಆದ್ರೆ ಇದನ್ನೇ ಕೊಡಿ. ನಾನು ಬೇಜಾರು ಮಾಡುದಿಲ್ಲ.”

ಅವರು ಬೈದಿದ್ದರೆ ಬಹುಶಃ ಅದನ್ನೇ ಕೊಡುತ್ತಿದ್ದೆ. ಅಲ್ಲೇ ಕ್ಯಾಂಟೀನಿನಲ್ಲಿ ಕೂತು ಹೊಸ ಕಾಗದ ಬರೆದೆ. ಕೋವಿ ದಿವಾಕರ್ ಅವರ ಕೈಯಲ್ಲಿತ್ತು, ನನ್ನ ಹೊಟ್ಟೆಗೆ ಗುರಿಯಾಗಿತ್ತು, ಅವರು ಟ್ರಿಗರ್ ಎಳೆಯುತ್ತಿದ್ದರು. ಐದು ತೋಟೆ ಹಾಕಿ ಎಂದು ಒತ್ತಾಯಿಸಿದವರಲ್ಲಿ ನಾನೂ ಒಬ್ಬ. ಓದಿ ಹೇಳಿದಾಗ ಹಸನಾಕ, “ಹಾಕಿದ್ದು ನಾನು. ಅದನ್ನೂ ಬರೀರಿ,” ಎಂದರು. ಬರೆದೆ.

ಐದು ತುಂಬಿಸಿದ್ದಕ್ಕೆ ಅವರಿಗೊಂದು ಎಚ್ಚರಿಕೆ ಪತ್ರ ಬಂತು. ಕೆಲಸ ಉಳಿಯಿತು. ದಿವಾಕರ್ ಸರ್ ನನ್ನ ವೀಸಾ ಕಾಗದವನ್ನು ಮೂರು ವಾರ ಮೇಜಿನ ಮೇಲಿಟ್ಟುಕೊಂಡು, ಕೊನೆಗೆ ತಲೆ ಎತ್ತದೆ ಸಹಿ ಹಾಕಿದರು.

ಹಸನಾಕ ಲೈನಿಗೆ ಮರಳಿದ ಮೊದಲ ಶನಿವಾರ ನಾನು ಹೋದೆ. ಖಾಲಿ ಸಾಸಿವೆಯನ್ನು ಮುಂದಿಟ್ಟು, “ಎತ್ತಿ ನೋಡುವ,” ಎಂದರು. ಎತ್ತಿದೆ. ನಳಿಗೆಯ ತುದಿ ಕಾಗದದ ಈ ಮೂಲೆಯಿಂದ ಆ ಮೂಲೆಗೆ ಓಡಾಡಿತು. ಅವರು ಮೆಲ್ಲಗೆ ನನ್ನ ಕೈಯಿಂದ ಅದನ್ನು ಬಿಡಿಸಿಕೊಂಡರು.

“ಇವತ್ತು ನಿಮಗೆ ಮಾಫಿ, ತೋಟೆ ಇಲ್ಲ. ಮನೆಗೆ ಹೋಗಿ.”

“ಒಂದೇ ಒಂದು ಹಸನಾಕ. ಸಾಸಿವೆ ಅಲ್ವಾ?”

“ಒಂದೂ ಇಲ್ಲ.”

“ನಿಮಗೋಸ್ಕರ ಅಷ್ಟೆಲ್ಲ ಬರೆದುಕೊಟ್ಟೆ!”

“ಬರೆದದ್ದು ಇದಕ್ಕೇ ಅಲ್ವಾ ಮಾರಾಯ್ರೆ?” ಎಂದರು. “ಇಲ್ಲಿ ನಿಂತು ಬೇಡ ಅನ್ನಲಿಕ್ಕೆ ಒಬ್ಬ ಬೇಕು ಅಂತ?” ಹಿಂದೆ ಇನ್ನೊಬ್ಬರು ಕಾಯುತ್ತಿದ್ದರು. ಹಸನಾಕ ಅವರತ್ತ ತಿರುಗಿದರು.

ಮತ್ತೆ ಅತ್ತ ಹೋಗಲು ನನಗೆ ಐದು ತಿಂಗಳು ಬೇಕಾಯಿತು. ಅಷ್ಟರಲ್ಲಿ ಅವರು ವೀಸಾ ಕ್ಯಾನ್ಸಲ್ ಮಾಡಿಸಿಕೊಂಡು ಊರಿಗೆ ಹೋಗಿದ್ದರು. ಅವರ ಜಾಗದಲ್ಲಿ ಹೊಸಬರೊಬ್ಬರು, ಬಹಳ ಮರ್ಯಾದೆಯವರು. ಗುಡ್ ಮಾರ್ನಿಂಗ್ ಹೇಳಿದರು, ಸಾಸಿವೆಯನ್ನು ಒರೆಸಿ ಮುಂದಿಟ್ಟರು, ಎಷ್ಟು ತೋಟೆ ಬೇಕು ಸರ್ ಎಂದು ಕೇಳಿದರು. ಇಪ್ಪತ್ತೆಂದರೆ ಇಪ್ಪತ್ತು, ಐವತ್ತೆಂದರೆ ಐವತ್ತು ಕೊಡುವ ಮುಖ. ಮೊದಲು ಖಾಲಿ ಕೋವಿ ಎತ್ತಿ ನೋಡಿ ಎನ್ನುತ್ತಾರೇನೋ ಎಂದು ಸ್ವಲ್ಪ ಹೊತ್ತು ನಿಂತೆ. ಅನ್ನಲಿಲ್ಲ. ಇವತ್ತು ಬೇಡ ಎಂದು ನಾನೇ ಹೇಳಿ ಹೊರಗೆ ಬಂದೆ.