ಆರಿದ ಗಾಯ, ಹದಿನಾರರ ಬಿಲ್ಲು

ಅಂಗಡಿಗೆ ಬಂದವನು ಬಾಯಿ ತೆರೆಯುವ ಮೊದಲೇ ಟೈಲರಕ್ಕ ಅವನ ಸೊಂಟಕ್ಕೆ ಟೇಪು ಸುತ್ತಿ, "ಮೂವತ್ತೆಂಟು. ಈಗ ಉಸಿರು ಬಿಡಿ," ಎಂದು ಬರೆದುಕೊಂಡಾಗಿತ್ತು. ಕಾದು ಕೂತಿದ್ದ ಗಿರಾಕಿಗಳು ಕಿಸಕ್ಕೆಂದರು.

"ನಾನು ಪ್ಯಾಂಟಿಗೆ ಬಂದಿಲ್ಲಮ್ಮ," ಎಂದ ಆತ, ಟೇಪಿನೊಳಗಿಂದಲೇ. "ಆಸ್ಪತ್ರೆ ಬಾಕಿ ವಸೂಲಿಗೆ ಬಂದಿದೀನಿ. ಹದಿನೈದು ದಿನದಲ್ಲಿ ಕಟ್ಟದಿದ್ರೆ ಈ ಮೆಷಿನ್ ಎತ್ಕೊಂಡು ಹೋಗ್ತೀವಿ."

ಟೈಲರಕ್ಕನ ಕೈಯಿಂದ ಟೇಪು ಜಾರಿತು. ಮನೆ ನಡೆಯುವುದೇ ಆ ಮೆಷಿನ್ನಿಂದ.

ಕೆಲವು ತಿಂಗಳ ಹಿಂದೆ ಕತ್ತರಿ ಜಾರಿ ಎಡ ಅಂಗೈ ಸೀಳಿತ್ತು. ಆಸ್ಪತ್ರೆಯಲ್ಲಿ ಆರು ಹೊಲಿಗೆ ಹಾಕಿದ್ದರು. ಕೇಳಿದಷ್ಟನ್ನು ಅಕ್ಕ ಅಂದೇ ಕಟ್ಟಿದ್ದಳು. ಈಗ ಬಂದ ಕಾಗದದಲ್ಲಿ ಹೊಲಿಗೆ ಹದಿನಾರು. ಗಾಯ ಆರಿತ್ತು, ಬಿಲ್ಲು ಹದಿನಾರಿತ್ತು.

ಅಕ್ಕನ ನಾದಿನಿ ವಕೀಲರ ಕಚೇರಿಯಲ್ಲಿ ಟೈಪಿಸ್ಟ್. ಹಾಗಾಗಿ ಕಾನೂನೆಲ್ಲ ಅವಳ ಬೆರಳ ತುದಿಯಲ್ಲಿ.

"ಕೋರ್ಟಿನ ಆದೇಶ ಇಲ್ದೆ ಅವನು ಮೆಷಿನ್ ಮುಟ್ಟೋ ಹಾಗಿಲ್ಲ ಅತ್ತಿಗೆ. ಅವನ ಒಂದೊಂದು ಫೋನೂ ಬರೆದಿಡಿ. ವಿವರವಾದ ಬಿಲ್ ಕೇಳಿ ಪತ್ರ ಹಾಕೋಣ. ಜಗ್ಗದಿದ್ರೆ ಗ್ರಾಹಕರ ಕೋರ್ಟಿದೆ."

"ನಂಗೆ ಕೋಟು ಗೊತ್ತು, ಕೋರ್ಟು ಗೊತ್ತಿಲ್ವಲ್ಲೇ."

"ಎರಡಕ್ಕೂ ಅಳತೆ ಸರಿ ಇದ್ರೆ ಸಾಕು."

ವಸೂಲಿಯವನಿಗೆ ಮನೆಯಲ್ಲಿ 'ಮೂವತ್ತೆಂಟು' ಎಂದೇ ಹೆಸರಾಯಿತು. ಅಳತೆ ಪುಸ್ತಕದ ಅವನ ಪುಟದಲ್ಲೇ ಅಕ್ಕ ಫೋನುಗಳನ್ನು ಬರೆದಿಟ್ಟಳು: ಎದೆಯ ಕಾಲಂನಲ್ಲಿ ತಾರೀಕು, ತೋಳಿನಲ್ಲಿ ಗಂಟೆ, ಉದ್ದದಲ್ಲಿ ಬೈಗುಳ. ಪತ್ರಕ್ಕೆ ಆಸ್ಪತ್ರೆ ಉತ್ತರಿಸಲಿಲ್ಲ. ದೂರು ದಾಖಲಾಯಿತು.

ವಿಚಾರಣೆಯಲ್ಲಿ ಆಸ್ಪತ್ರೆಯ ವಕೀಲರು ಹದಿನಾರೇ ಎಂದು ಪಟ್ಟು ಹಿಡಿದರು. ಗ್ರಾಹಕರ ಕೋರ್ಟಿನ ಅಧ್ಯಕ್ಷೆ ಅಳತೆ ಪುಸ್ತಕ ಓದಿದರು, ಉದ್ದದ ಕಾಲಂ ಬಂದಾಗ ಕೆಮ್ಮಿದರು. ಆಮೇಲೆ ಕನ್ನಡಕ ಏರಿಸಿ, ಅಕ್ಕನ ಅಂಗೈ ಹಿಡಿದು, ಕಲೆಯ ಇಕ್ಕೆಲದ ಚುಕ್ಕೆಗಳನ್ನು ಎಣಿಸಿದರು. ಆರು ಜೊತೆ.

ಬಾಕಿ ರದ್ದಾಯಿತು. ಮೆಷಿನ್ನಿನ ತಂಟೆಗೆ ಯಾರೂ ಹೋಗಕೂಡದು. ಕೊಟ್ಟ ಕಿರುಕುಳಕ್ಕೆ ಆಸ್ಪತ್ರೆಯೇ ಪರಿಹಾರ ಕೊಡಬೇಕು. ಹಿಂದಿನ ಬೆಂಚಿನಲ್ಲಿ ನಾದಿನಿ, ಚೂಡಿದಾರಕ್ಕೆ ಸೆರಗಿಲ್ಲದ್ದರಿಂದ, ಫೈಲಿನಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು.

ಏಳುವ ಮುನ್ನ ಅಧ್ಯಕ್ಷೆ ಮೆಚ್ಚುಗೆಯಿಂದ ಕೇಳಿದರು: "ಅಲ್ಲಮ್ಮ, ಅಷ್ಟು ನೋವಿನಲ್ಲೂ ಡಾಕ್ಟರು ಹಾಕಿದ ಹೊಲಿಗೆ ಒಂದೊಂದೇ ಹೇಗೆ ಎಣಿಸಿದ್ರಿ?"

"ಆಗೆಲ್ಲಿ ಮೇಡಂ, ಕಣ್ಣು ಮುಚ್ಕೊಂಡಿದ್ದೆ," ಎಂದಳು ಟೈಲರಕ್ಕ. "ಬಿಚ್ಚೋಕೆ ಬೇರೆ ಚಾರ್ಜು ಅಂದ್ರು. ಮನೇಲಿ ನಾನೇ ಬಿಚ್ಕೊಂಡೆ."