ಬಾಜೂಮನೆ ಕಾಕಾನಿಗೆ ಬಂದ ಜ್ವರ

ಮೊನ್ನೆ ದೀಪಾವಳಿಗೆಂದು ಹಿತ್ತಾಳೆ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಹುಳಿ ತಾಗಿದಾಗ ಹಿತ್ತಾಳೆಯಿಂದ ಒಂದು ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಡಿದದ್ದೇ ತಡ, ಕೈ ನಿಂತುಬಿಟ್ಟಿತು. ನಲವತ್ತು ವರ್ಷದ ಮೇಲಾಯಿತು, ಈ ವಾಸನೆ ನನ್ನನ್ನು ಬಿಟ್ಟಿಲ್ಲ...

ಎಪ್ಪತ್ತರ ದಶಕದ ಕೊನೆ. ಯಾದಗಿರಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಮರಾಠಿ ಸೀಮೆಯ ಯೆರವಡಾಕ್ಕೆ ಬಂದ ಹೊಸತು. ಗಂಡ ಕಾರ್ಖಾನೆಗೆ ಹೋದರೆ ಮನೆಯಲ್ಲಿ ನಾನು ಮತ್ತು ಅತ್ತೆ. ಗೋಡೆಯಾಚೆ ಒಬ್ಬರೇ ಇದ್ದವರು ನಮ್ಮ ಕಡೆಯವರೇ ಆದ ಕಾಕಾ. ಮದುವೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಊದುತ್ತಿದ್ದರು. ಅದು ಹೊಟ್ಟೆಪಾಡು, ಜೀವವೆಲ್ಲ ಇಂಗ್ಲಿಷ್ ಖೂನಿ ಸಿನಿಮಾಗಳ ಜಾಝ್ ಸಂಗೀತದ ಮೇಲೆ.

ರವಿವಾರ ಬೆಳಗಿನ ಆಟಕ್ಕೆ ಕ್ಯಾಂಪ್ ಪೇಟೆಗೆ ಹೋಗಿ, ಥಿಯೇಟರಿನಲ್ಲಿ ಕಣ್ಣು ಮುಚ್ಚಿ ಕೂಡುತ್ತಿದ್ದರಂತೆ. ಕಥೆ ಏನೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಊದಿ ತೋರಿಸುತ್ತಿದ್ದರು: ಮಳೆ ನಿಂತ ರಸ್ತೆಯಲ್ಲಿ ಪತ್ತೇದಾರ ಒಬ್ಬನೇ ನಡೆದದ್ದು, ಮೆಟ್ಟಿಲ ಮೇಲೆ ಯಾರೋ ಬಂದು ನಿಂತದ್ದು. ಅಕ್ಕಿ ಆರಿಸುತ್ತ ಕೂತ ನನಗೆ ಮೈ ಜುಮ್ಮೆನ್ನುತ್ತಿತ್ತು.

"ಖೂನಿ ಆಗೂದು ಮಂದಿಗೆ ಆಮ್ಯಾಲೆ ತಿಳೀತದ ಯವ್ವಾ, ಬಾಜಾಕ್ಕ ಮೊದ್ಲ ಗೊತ್ತಿರ್ತದ," ಎನ್ನುತ್ತಿದ್ದರು. "ಆದ್ರ ಅದು ಯಾರ ಮ್ಯಾಲೂ ಸಿಟ್ಟಾಗಂಗಿಲ್ಲ. ಕಳ್ಳಗೂ ಮರಗ್ತದ, ಪೊಲೀಸಗೂ ಮರಗ್ತದ."

ಅತ್ತೆಗೆ ಅದು ಹೆಣದ ಮುಂದಿನ ಬಾಜಾ, ಬಾಗಿಲು ಹಾಕಿಕೊಳ್ಳುತ್ತಿದ್ದರು. ನನಗೆ ಮಾತ್ರ, ತವರು ಬಿಟ್ಟು ಬಂದ ಸಂಕಟವನ್ನು ಯಾರೋ ತಿಳಿದು ಹೇಳಿದ ಹಾಗಿರುತ್ತಿತ್ತು.

ಒಂದು ದಿನ ಮುಂಬಯಿಯಿಂದ ಕಾಗದ ಬಂತು. ಹಳೆಯ ಜೊತೆಗಾರನೊಬ್ಬ ಹಿಂದಿ ಖೂನಿ ಸಿನಿಮಾವೊಂದರ ಹಿನ್ನೆಲೆ ಸಂಗೀತಕ್ಕೆ ಕರೆದಿದ್ದ. ಕೊಲೆಗಾರ ಮೆಟ್ಟಿಲಿಳಿಯುವಾಗ ಒಂದೇ ಒಂದು ಸ್ಯಾಕ್ಸೊಫೋನ್ ಬೇಕಂತೆ. ಕಾಕಾ ಅಷ್ಟು ವರ್ಷ ಕಾದದ್ದು ಇದಕ್ಕೇ. ಹೊರಡುವ ಹಿಂದಿನ ದಿನ ಮೈಲಾರಲಿಂಗನಿಗೆ ಕೈಮುಗಿದು ಬರಲು ಜೇಜುರಿಗೆ ಹೋದರು. ಮನೆಯ ಬೀಗ ಕೆಟ್ಟಿತ್ತೆಂದು ವಾದ್ಯವನ್ನು ನಮ್ಮಲ್ಲಿಟ್ಟರು.

ನಮ್ಮೂರಲ್ಲಿ ಶುಭಕಾರ್ಯಕ್ಕೆ ಮುಂಚೆ ಹಿತ್ತಾಳೆ ಬೆಳಗುವುದು ಪದ್ಧತಿ. ಕಪ್ಪಿಟ್ಟಿದ್ದ ಆ ಸ್ಯಾಕ್ಸೊಫೋನ್ ನೋಡಿ ನನಗೆ ತಡೆಯಲಾಗಲಿಲ್ಲ. ಹುಣಸೆಹಣ್ಣು ನೆನೆಹಾಕಿದೆ. ಕೊಡ ಬೆಳಗಿದ ಹಾಗೆ ಸಂದುಗೊಂದೆಲ್ಲ ತಿಕ್ಕಿ, ನಳದ ಕೆಳಗೆ ಹಿಡಿದು ತೊಳೆದು, ಬಿಸಿಲಿಗಿಟ್ಟೆ. ಫಳಫಳ ಹೊಳೆಯಿತು. ಕಾಕಾ ಯಾವಾಗ ಬಂದಾರೋ ಎಂದು ಬಾಗಿಲಲ್ಲೇ ಕಾಯ್ದೆ.

ಸಂಜೆ ಹಣೆ ತುಂಬ ದೇವರ ಅರಿಶಿನದ ಭಂಡಾರ ಹಚ್ಚಿಕೊಂಡು ಬಂದ ಕಾಕಾ ಅದನ್ನು ಕೈಗೆತ್ತಿಕೊಂಡರು. ಊದಿದರು. ಬರೀ ಗಾಳಿ. ಗುಂಡಿಗಳ ಕೆಳಗಿನ ಪುಟ್ಟ ತೊಗಲಿನ ಬಿಲ್ಲೆಗಳು ನೀರು ಕುಡಿದು ಉಬ್ಬಿದ್ದವು. ಒಂದು ತೂತೂ ಸರಿಯಾಗಿ ಮುಚ್ಚುತ್ತಿರಲಿಲ್ಲ. ಬದಲಿಸಲು ವಾರ ಬೇಕು. ಇನ್ನೊಂದು ತರೋಣವೆಂದರೆ ಲಗ್ನದ ಸುಗ್ಗಿ, ಬ್ಯಾಂಡಿನವರೆಲ್ಲ ಊರೂರಿಗೆ ಹೋಗಿದ್ದರು. ಕಾಕಾ ಒಂದೊಂದೇ ಗುಂಡಿ ಒತ್ತಿ ನೋಡಿದರು.

"ಮುಂಜಾನಿ ಗಾಡಿ ಎಷ್ಟಕ್ಕದರಿ?" ಎಂದು ಅತ್ತೆ ಒಳಗಿಂದ ಕೇಳಿದರು.

"ಹೋಗೂದಾಗಂಗಿಲ್ರಿ ಅಕ್ಕಾರ. ಜ್ವರ ಬಂದಾವ," ಎಂದರು ಕಾಕಾ, ನನ್ನ ಕಡೆ ನೋಡದೆ.

ಆ ಸುಳ್ಳನ್ನು ನಿಜ ಮಾಡಲು, ವೈಶಾಖದ ಧಗೆಯಲ್ಲಿ ಎರಡು ದಿನ ಕಂಬಳಿ ಹೊದ್ದು ಮಲಗಿದರು. ಅತ್ತೆ ನನ್ನ ಕೈಯಲ್ಲೇ ಗಂಜಿ ಕಳಿಸಿದರು. ಬಟ್ಟಲು ಕೆಳಗಿಟ್ಟು ಅತ್ತುಬಿಟ್ಟೆ. ಕಾಕಾ ಬೆವರು ಒರೆಸಿಕೊಳ್ಳುತ್ತ ಎದ್ದು ಕೂತರು. "ಅಳಬ್ಯಾಡ. ಯಾ ಸಿನಿಮಾದಾಗೂ ಖೂನಿ ಮಾಡಿದಾಕಿ ಗಂಜಿ ತರಂಗಿಲ್ಲ," ಎಂದು ನಗಲು ನೋಡಿದರು. ನಗು ಪೂರ್ತಿ ಬರಲಿಲ್ಲ...

ಮರುವರ್ಷ ಆ ಸಿನಿಮಾ ಬಂದಾಗ ನಮ್ಮನ್ನೂ ಕರೆದೊಯ್ದರು. ಮೆಟ್ಟಿಲ ದೃಶ್ಯದಲ್ಲಿ ಬೇರೆ ಯಾರದೋ ಉಸಿರು. ಕಾಕಾ ಕಣ್ಣು ಮುಚ್ಚಿದ್ದರು. ಬೆರಳು ಮಾತ್ರ ತೊಡೆಯ ಮೇಲೆ ಆಡುತ್ತಿದ್ದವು. "ಚಲೋ ಊದ್ಯಾನ," ಎಂದರು, ಅಷ್ಟೇ. ಮುಂಬಯಿಯಿಂದ ಮತ್ತೆ ಕಾಗದ ಬರಲಿಲ್ಲ. ಮದುವೆಗಳಲ್ಲಿ ಊದುತ್ತಲೇ, ಎಂಬತ್ತರ ದಶಕದ ನಡುವೆ ತೀರಿಕೊಂಡರು.

ಈಗ ಟಿವಿಯಲ್ಲಿ ಹಳೆಯ ಖೂನಿ ಸಿನಿಮಾ ಬಂದು ಆ ದನಿ ಎದ್ದರೆ, ಕೆಲಸ ಬಿಟ್ಟು ಕೂಡುತ್ತೇನೆ. ಅದು ನನ್ನ ಮೇಲೂ ಸಿಟ್ಟಾಗುವುದಿಲ್ಲ. ಅದನ್ನೇ ತಡೆದುಕೊಳ್ಳಲು ಆಗುವುದಿಲ್ಲ.

"ಪಾಪ, ಹಣೇಬಾರ. ಹೊತ್ತು ನೋಡಿ ಬಂದ್ವು ಜ್ವರ," ಎಂದು ಅತ್ತೆ ಸಾಯುವವರೆಗೂ ಅನ್ನುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ.

ಕಾಕಾನಿಗೆ ಅವತ್ತು ಜ್ವರ ಬಂದಿರಲಿಲ್ಲ.